ಟೋಕನ್ನಿನಿಂದ ಹಾಲುಕ್ಕುವವರೆಗೆ

“ಸಾರ್, ಬೆಳಿಗ್ಗೆ ಇನ್ನೊಂದು ಪಾರ್ಟಿ ನೋಡ್ಕೊಂಡು ಹೋಗಿದಾರೆ. ನೀವು ಇವತ್ತೇ ಒಂದು ಲಕ್ಷ ಟೋಕನ್ ಹಾಕಿಬಿಡಿ, ಓನರ್ ಹತ್ರ ಮಾತಾಡಿ ನಾನು ಹಿಡ್ಕೊಂಡಿರ್ತೀನಿ.”

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ಈ ಮಾತು ಬಾಯಿಪಾಠ. ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು ಸ್ವಂತದ್ದೊಂದು ಸೂರಿಗಾಗಿ ಹೊರಟ ನಾನೂ ಏಳೆಂಟು ಸಲ ಕೇಳಿದ್ದೇನೆ. ಒಮ್ಮೆಯಂತೂ ಬ್ರೋಕರ್ ಎದುರಿಗೇ ಮೊಬೈಲು ತೆಗೆದಿದ್ದೆ, ಪಿನ್ ಒತ್ತುವುದಷ್ಟೇ ಬಾಕಿ. ಮೂವತ್ತು–ನಲವತ್ತರ ಸೈಟಿನಲ್ಲಿ ಹಳೆ ಮನೆ, ಮುಂದೊಂದು ಸಂಪಿಗೆ ಮರ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮ ಸೇರಿ ಮಾರುತ್ತಿದ್ದರು. ನನ್ನ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಕೇಳಿದಳು: “ನಿಮಗೆ ಅಕ್ಕತಂಗಿಯರು ಯಾರೂ ಇಲ್ವಾ?” ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಇದ್ದರು, ಒಬ್ಬರು. ಮದುವೆಯಾಗಿ ಬೇರೆ ಊರಿನಲ್ಲಿದ್ದರು. “ಅವಳದೇನೂ ತಕರಾರಿಲ್ಲ, ಆಮೇಲೆ ಸಹಿ ಹಾಕಿಸ್ಕೊಡ್ತೀವಿ” ಅಂದರು ಅಣ್ಣ. ಆ ‘ಆಮೇಲೆ’ಯನ್ನು ನಂಬಿ ಒಂದು ಲಕ್ಷ ಕಳಿಸಲು ಮನಸ್ಸಾಗಲಿಲ್ಲ. ಮೊಬೈಲು ಜೇಬಿಗೆ ವಾಪಸ್ಸು ಹೋಯಿತು.

ಟೋಕನ್ ಕೊಡುವ ತನಕ ಮಾರುವವರು ನಿಮ್ಮ ಹಿಂದೆ. ಕೊಟ್ಟ ಮರುಗಳಿಗೆಯಿಂದ ನೀವು ಅವರ ಹಿಂದೆ. ಆಮೇಲೆ ಕಾಗದ ಕೇಳಿದರೆ “ಕೊಡೋಣ ಇರಿ”, ತೇವದ ಗೋಡೆ ತೋರಿಸಿದರೆ “ನೋಡೇ ಒಪ್ಪಿದ್ರಲ್ಲ”. ಮನೆ ಕೊಳ್ಳುವ ಕೆಲಸದಲ್ಲಿ ಮುಖ್ಯವಾದದ್ದೆಲ್ಲ ಟೋಕನ್ನಿಗೆ ಮುಂಚೆಯೇ ಮುಗಿದಿರಬೇಕು ಅನ್ನುವುದು ನಾನು ಅಲೆದಲೆದು ಕಲಿತ ಪಾಠ. ಕಾಗದಗಳ ಜೆರಾಕ್ಸ್ ಸೆಟ್ಟನ್ನು ದುಡ್ಡು ಕೊಡದೆಯೇ ಕೇಳಿ. ಟೋಕನ್ ಇಲ್ಲದೆ ಕಾಗದ ತೋರಿಸುವುದಿಲ್ಲ ಎನ್ನುವವರ ಮನೆ ಎಷ್ಟೇ ಚೆಂದವಿರಲಿ, ಗೇಟು ದಾಟಿ ಬಂದುಬಿಡಿ.

ಅರವತ್ತು ಲಕ್ಷದ ಮನೆಗೆ ಕೈಯಲ್ಲಿ ಎಷ್ಟಿರಬೇಕು?

ಬೆಲೆ ಅರವತ್ತು ಲಕ್ಷ ಅಂತಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲವಾದರೆ ಬ್ಯಾಂಕು ಮನೆಯ ಬೆಲೆಯ ಶೇ 90ರವರೆಗೆ ಕೊಡಬಹುದು, 30ರಿಂದ 75 ಲಕ್ಷದ ಸಾಲವಾದರೆ ಶೇ 80, ಅದಕ್ಕೂ ಮೇಲೆ ಹೋದರೆ ಶೇ 75. ಇದು ಮೇಲಿನ ಮಿತಿ. ನಿಮ್ಮ ಸಂಬಳ, ಹಳೆ ಸಾಲ ನೋಡಿ ಬ್ಯಾಂಕು ಇದಕ್ಕಿಂತ ಕಡಿಮೆಯನ್ನೂ ಕೊಡಬಹುದು. ನಮ್ಮ ಲೆಕ್ಕಕ್ಕೆ 48 ಲಕ್ಷ ಸಾಲ, 12 ಲಕ್ಷ ಕೈಯಿಂದ.

ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನೋಂದಣಿ ಖರ್ಚನ್ನು ಬ್ಯಾಂಕು ಮನೆಯ ಬೆಲೆಯೊಳಗೆ ಸೇರಿಸುವುದಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್ಸು, ನಗರದಲ್ಲಿ ಶೇ 2 ಸರ್‌ಚಾರ್ಜು, ಹಳ್ಳಿಯಲ್ಲಾದರೆ ಶೇ 3. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಕೂಡಿದರೆ ನಗರದಲ್ಲಿ ಶೇ 7.6. ಅರವತ್ತು ಲಕ್ಷಕ್ಕೆ 4,56,000 ರೂಪಾಯಿ. ನೀವು ಕೊಡುವ ಬೆಲೆಗಿಂತ ಸರ್ಕಾರದ ಮಾರ್ಗಸೂಚಿ ದರ ಹೆಚ್ಚಿದ್ದರೆ ಈ ಲೆಕ್ಕ ಆ ದರದ ಮೇಲೆ ನಡೆಯುತ್ತದೆ.

ಹನ್ನೆರಡಕ್ಕೆ ನಾಲ್ಕೂವರೆ ಸೇರಿಸಿ. ಬ್ರೋಕರ್ ಕಮಿಷನ್ ಶೇ 1 ಅಂದರೂ ಅರವತ್ತು ಸಾವಿರ. ವಕೀಲರ ಫೀಸು, ಬ್ಯಾಂಕಿನ ಪ್ರೋಸೆಸಿಂಗ್ ಫೀಸು, ಸುಣ್ಣಬಣ್ಣ, ವಾರ್ಡ್‌ರೋಬು, ಲಾರಿ, ಒಕ್ಕಲಿನ ಊಟ. ಇಪ್ಪತ್ತು ಲಕ್ಷದ ಹತ್ತಿರ ನಗದಾಗಿ ಕೈಗೆಟುಕುವಂತಿಲ್ಲದಿದ್ದರೆ ಅರವತ್ತರ ಮನೆ ನೋಡಲು ಹೋಗಬೇಡಿ. ಐವತ್ತರದ್ದು ನೋಡಿ.

ಬಾಡಿಗೆ ಮನೆಯ ಅಡ್ವಾನ್ಸು ಇದೆಯಲ್ಲ ಎಂದುಕೊಳ್ಳುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೊಟ್ಟ ಹಳೆ ಬಾಡಿಗೆದಾರರು ಇನ್ನೂ ಇದ್ದಾರೆ. ಅದು ಮರಳಿ ಬರುವುದು ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆ. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಬೇರೆ. ಖಾಲಿ ಮಾಡಬೇಕೆಂದರೆ ಹೊಸ ಮನೆಯ ನೋಂದಣಿ ಆಗಿರಬೇಕು. ಆದ್ದರಿಂದ ಆ ದುಡ್ಡನ್ನು ನೋಂದಣಿಯ ಲೆಕ್ಕಕ್ಕೆ ಹಿಡಿಯಲೇಬೇಡಿ, ಸೋಫಾಕ್ಕೆ ಹಿಡಿಯಿರಿ.

ಸಾಲದ ಕಂತಿನ ಒಳಗುಟ್ಟು ಇನ್ನೊಂದಿದೆ. 50 ಲಕ್ಷವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 43,400. ಮೊದಲ ತಿಂಗಳ ಕಂತಿನಲ್ಲಿ 35,400 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು ಎಂಟು ಸಾವಿರ. ಕೊನೆಗೆ ಕಟ್ಟಿದ್ದೆಲ್ಲ ಕೂಡಿದರೆ ಒಂದು ಕೋಟಿ ದಾಟಿರುತ್ತದೆ. ಹೆದರಿಸಲು ಹೇಳುತ್ತಿಲ್ಲ. ಇದೇ ಲೆಕ್ಕ ತಿರುಗಿಸಿ ನೋಡಿದರೆ, ಒಂದು ವರ್ಷ ಕಳೆದ ಮೇಲೆ ಬೋನಸ್ಸೋ ಚೀಟಿ ದುಡ್ಡೋ ಎರಡು ಲಕ್ಷ ಒಟ್ಟಿಗೆ ಕಟ್ಟಿ, ಕಂತನ್ನು ಹಾಗೇ ಇಟ್ಟು ಅವಧಿ ಇಳಿಸಿಕೊಂಡರೆ ಇಪ್ಪತ್ತೊಂದು ಕಂತುಗಳೇ ತಪ್ಪುತ್ತವೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ. ಸಾಲದ ಜೊತೆಗೆ ವಿಮೆ ಕಡ್ಡಾಯವೆಂದು ಬ್ಯಾಂಕಿನ ಕೌಂಟರಿನಲ್ಲಿ ಹೇಳಿದರೆ, ಯಾವ ನಿಯಮದಲ್ಲಿದೆ ಎಂದು ಬರೆದುಕೊಡಲು ಕೇಳಿ. ಅಂಥ ಕಾನೂನಿಲ್ಲ. ವಿಮೆ ಬೇಕಾದದ್ದೇ, ಆದರೆ ಅದನ್ನು ನೀವು ಹೊರಗೆ ನಾಲ್ಕು ಕಡೆ ವಿಚಾರಿಸಿ ಕೊಳ್ಳಬಹುದು. ಹಾಗೆಯೇ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿರುವವರಿಗೆ ತಾವೇ ವಾಸಿಸುವ ಮನೆಯ ಬಡ್ಡಿಗೆ ವಿನಾಯಿತಿ ಸಿಗುವುದಿಲ್ಲ. ತೆರಿಗೆ ಉಳಿಯುತ್ತದೆಂದೇ ಸಾಲ ಮಾಡುವ ಕಾಲ ಹೋಯಿತು.

“ಸ್ವಲ್ಪ ಕ್ಯಾಶಲ್ಲಿ ಕೊಡಿ” ಅನ್ನುವ ಮಾತು ಬಂದೇ ಬರುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೂ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಅದಿರಲಿ, ವ್ಯವಹಾರ ಮುರಿದುಬಿದ್ದ ದಿನ ನಗದು ಕೊಟ್ಟದ್ದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಏನಿರುತ್ತದೆ?

ಕಾಗದವನ್ನು ಹಿಂದಕ್ಕೆ ಓದುವುದು

ಮನೆಯ ಕಾಗದವನ್ನು ಕಾದಂಬರಿಯಂತೆ ಮೊದಲಿನಿಂದ ಓದಬಾರದು, ಕೊನೆಯಿಂದ ಹಿಂದಕ್ಕೆ ಓದಬೇಕು. ಈಗ ಮಾರುತ್ತಿರುವವರಿಗೆ ಈ ಆಸ್ತಿ ಯಾರಿಂದ ಬಂತು? ಅವರಿಗೆ ಯಾರಿಂದ? ಹೀಗೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ಕೊಂಡಿ ಹಿಡಿದು ಮೂಲಪತ್ರದವರೆಗೆ ಹೋಗಬೇಕು. ವಕೀಲರು ಮೂವತ್ತು ವರ್ಷದ ಕಾಗದ ಕೇಳುವುದಕ್ಕೆ ಕಾರಣವಿದೆ. ಆಸ್ತಿಯ ಸ್ವಾಧೀನಕ್ಕಾಗಿ ಖಾಸಗಿ ವ್ಯಕ್ತಿ ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ ಹನ್ನೆರಡು ವರ್ಷ, ಸರ್ಕಾರಕ್ಕೆ ಮೂವತ್ತು. ನಡುವೆ ಒಂದು ಕೊಂಡಿ ಕಾಣೆಯಾಗಿದ್ದರೆ, “ಅದು ಎಲ್ಲೋ ಕಳೆದೋಗಿದೆ ಸಾರ್” ಎನ್ನುವುದು ಉತ್ತರವಲ್ಲ. ನೋಂದಾಯಿತ ಪತ್ರವಾದರೆ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ.

ಇಸಿ, ಅಂದರೆ ಋಣಭಾರ ಪ್ರಮಾಣಪತ್ರವನ್ನು ಮಾರುವವರು ಕೊಟ್ಟ ಜೆರಾಕ್ಸಿನಲ್ಲಿ ನೋಡಿ ತೃಪ್ತರಾಗಬೇಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ತೆಗೆಯಿರಿ. 2004ರ ಏಪ್ರಿಲ್‌ನಿಂದ ಈಚಿನದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆ ಪುಸ್ತಕಗಳನ್ನೇ ತೆಗೆಸಿ ಹುಡುಕಿಸಬೇಕು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಇಸಿ ತೋರಿಸುವುದು ನೋಂದಣಿಯಾದದ್ದನ್ನು ಮಾತ್ರ. ನೋಂದಣಿಯಿಲ್ಲದ ಅಗ್ರಿಮೆಂಟು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಹಾಗಾಗಿ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿ. ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ನೋಡಿ. ಪತ್ರಿಕೆಯಲ್ಲಿ ವಕೀಲರ ಮೂಲಕ ಒಂದು ಸಾರ್ವಜನಿಕ ಪ್ರಕಟಣೆ ಕೊಟ್ಟು, ತಕರಾರಿದ್ದವರು ಇಂತಿಷ್ಟು ದಿನದೊಳಗೆ ತಿಳಿಸಲಿ ಎನ್ನಿ. ಇದಕ್ಕೆ ಮಾರುವವರು ಮುಖ ಸಿಂಡರಿಸಿದರೆ ಅದೂ ಒಂದು ಮಾಹಿತಿಯೇ.

ಖಾತೆಯ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಇನ್ನಾವುದರ ಬಗ್ಗೆಯೂ ಇಲ್ಲ. ಖಾತೆ ತೆರಿಗೆಯ ಲೆಕ್ಕಕ್ಕೆ ಬರೆದುಕೊಂಡ ದಾಖಲೆ, ಮಾಲೀಕತ್ವದ ಪತ್ರವಲ್ಲ. ‘ಬಿ ಖಾತೆ’ ಅಂದರೆ ನಿಯಮಕ್ಕೆ ಸರಿಹೊಂದದ ಆಸ್ತಿಯನ್ನು ತೆರಿಗೆಗಾಗಿ ಬೇರೆ ರಿಜಿಸ್ಟರಿನಲ್ಲಿ ಬರೆದುಕೊಂಡದ್ದು. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಸರ್ಕಾರಗಳು ಆಗಾಗ ಸಕ್ರಮದ ಮಾತಾಡುತ್ತವೆ. “ಇನ್ನೇನು ಎ ಖಾತೆ ಆಗ್ತದೆ” ಅನ್ನುವ ಮನೆಗೆ ಎ ಖಾತೆಯ ಬೆಲೆ ಕೊಡಬೇಡಿ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯಿಲ್ಲ. ಬಿಬಿಎಂಪಿಯ ಜಾಗದಲ್ಲಿ 2025ರ ಸೆಪ್ಟೆಂಬರಿನಿಂದ ಐದು ನಗರ ಪಾಲಿಕೆಗಳು ಬಂದಿರುವುದರಿಂದ ಆಸ್ತಿ ಯಾವ ಪಾಲಿಕೆಯದ್ದೆಂದೂ ನೋಡಿಕೊಳ್ಳಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ಇ-ಖಾತೆಯಲ್ಲಿರುವ ಹೆಸರು, ಅಳತೆ, ಚಕ್ಕುಬಂದಿ ಮೂರೂ ಕ್ರಯಪತ್ರದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಪೂರ್ವಕ್ಕೆ ರಸ್ತೆ ಎಂದಿರುವುದು ಇನ್ನೊಂದರಲ್ಲಿ ಪಶ್ಚಿಮಕ್ಕೆ ರಸ್ತೆಯಾಗಿದ್ದರೆ, ತಿದ್ದುಪಡಿ ಮಾಡಿಸಿಕೊಡುವ ಹೊಣೆ ಮಾರುವವರದು, ಟೋಕನ್ನಿಗೆ ಮುಂಚೆ.

ಅಕ್ಕತಂಗಿಯರ ಮಾತಿಗೆ ಮತ್ತೆ ಬರುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಕರ್ನಾಟಕ 1994ರಲ್ಲೇ ಒಂದು ಹೆಜ್ಜೆ ಇಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಅಪ್ಪನ ಸ್ವಯಾರ್ಜಿತವೇ ಆಗಿದ್ದು, ಉಯಿಲು ಬರೆಯದೆ ತೀರಿಕೊಂಡಿದ್ದರೂ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆಲ್ಲ ಪಾಲಿದೆ. ವಂಶವೃಕ್ಷ ತರಿಸಿ. ಅದರಲ್ಲಿರುವ ಪ್ರತಿಯೊಬ್ಬರೂ ಒಂದೋ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. ಅಪ್ರಾಪ್ತ ಮಕ್ಕಳ ಪಾಲಿದ್ದರೆ ನ್ಯಾಯಾಲಯದ ಅನುಮತಿಯ ಪ್ರಶ್ನೆ ಬರುತ್ತದೆ, ವಕೀಲರನ್ನು ಬಿಟ್ಟು ಮುಂದೆ ಹೋಗಬೇಡಿ.

ನಗರದ ಅಂಚಿನ ಬಡಾವಣೆಯಾದರೆ ಕಥೆ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಆ ಜಮೀನು ವಸತಿಗೆ ಪರಿವರ್ತನೆ ಆಗಿದೆಯೇ, ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತೇ? ಪಿಟಿಸಿಎಲ್ ಎಂದು ಕರೆಯುವ 1978ರ ಕಾಯ್ದೆಯಂತೆ ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡಿದ್ದರೆ ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಹೋಗಬಹುದು. 2023ರ ತಿದ್ದುಪಡಿಯ ನಂತರ ಇದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ. ಬಡವನಿಗೆ ಕೊಟ್ಟ ನೆಲ ಬಡವನಲ್ಲೇ ಉಳಿಯಲಿ ಎನ್ನುವ ಈ ಕಾನೂನು ನ್ಯಾಯವಾದದ್ದು. ತಿಳಿಯದೆ ಕೊಂಡೆ ಎಂಬ ನೆಪ ಅದರ ಮುಂದೆ ನಿಲ್ಲದು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಸೈಟಿನ ಮೇಲೆ ನಿಂತು ನೋಡಿ. ನಿಂತ ಜಾಗದ ಸರ್ವೆ ನಂಬರು, ಪಕ್ಕದ ಕೆರೆ, ರಾಜಕಾಲುವೆ ಕಾಣುತ್ತವೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ಬೆಂಗಳೂರು ನೋಡಿದೆ. ನೀರು ತನ್ನ ದಾರಿ ಮರೆಯುವುದಿಲ್ಲ.

ಇನ್ನುಳಿದದ್ದು ಚಿಕ್ಕದಾಗಿ. ಬರೀ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ‘ಮಾರಿದ’ ಆಸ್ತಿಗೆ ಹಕ್ಕು ವರ್ಗಾವಣೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬಿಡಿಎ ಸೈಟಾದರೆ ಲೀಸ್ ಕಮ್ ಸೇಲ್ ಕರಾರು ಮುಗಿದು ಶುದ್ಧ ಕ್ರಯಪತ್ರ ಆಗಿದೆಯೇ ನೋಡಿ. ಫ್ಲ್ಯಾಟಾದರೆ ಮಂಜೂರಾದ ನಕ್ಷೆ ಮತ್ತು ಓಸಿ, ಅಂದರೆ ಸ್ವಾಧೀನಾನುಭವ ಪತ್ರ ಕೇಳಿ. ಇವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕವನ್ನೂ ಬ್ಯಾಂಕ್ ಸಾಲವನ್ನೂ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ “ಓಸಿ ಯಾರೂ ಕೇಳಲ್ಲ ಸಾರ್” ಎಂಬ ಮಾತು ಹಳಸಿದೆ.

ಹೊಸದಾಗಿ ಕಟ್ಟುತ್ತಿರುವ ಫ್ಲ್ಯಾಟು ಕೊಳ್ಳುವವರಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಒಂದು ಊರುಗೋಲು. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ ಯೋಜನೆ ನೋಂದಣಿಯಾಗದೆ ಮಾರಾಟಕ್ಕಿಡುವಂತಿಲ್ಲ. ನೋಂದಾಯಿತ ಅಗ್ರಿಮೆಂಟು ಆಗುವ ಮುಂಚೆ ಬಿಲ್ಡರು ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕಟ್ಟಡದ ರಚನೆಯ ದೋಷಕ್ಕೆ ಕೀಲಿ ಕೊಟ್ಟ ದಿನದಿಂದ ಐದು ವರ್ಷ ಅವರದೇ ಹೊಣೆ. ಬೆಲೆಯನ್ನು ಕಾರ್ಪೆಟ್ ಏರಿಯಾಕ್ಕೆ ಭಾಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹನ್ನೆರಡು ಚದರ ಎಂದು ಮಾರಿದ ಫ್ಲ್ಯಾಟಿನಲ್ಲಿ ನಿಮ್ಮ ಚಾಪೆ ಹಾಸಲು ಸಿಗುವುದು ಎಂಟೂವರೆ ಚದರವೂ ಇರಬಹುದು. ಉಳಿದದ್ದು ಹೊರಗೋಡೆ, ಮೆಟ್ಟಿಲು, ಲಿಫ್ಟು, ಕ್ಲಬ್ ಹೌಸು. ಕಟ್ಟುತ್ತಿರುವಾಗ ಕೊಂಡರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ ಇದೆ, ಓಸಿ ಬಂದ ಮೇಲೆ ಕೊಂಡರೆ ಇಲ್ಲ.

ಇಸ್ತ್ರಿಯವರನ್ನು ಕೇಳಿ

ಮನೆಯನ್ನು ಮೂರು ಸಲ ನೋಡಬೇಕು. ಒಮ್ಮೆ ಮಳೆ ಬಂದ ಮಾರನೆ ದಿನ, ಒಮ್ಮೆ ರಾತ್ರಿ ಒಂಬತ್ತರ ಮೇಲೆ, ಒಮ್ಮೆ ಬ್ರೋಕರ್ ಇಲ್ಲದೆ. ಮೂರನೆಯದರಲ್ಲಿ ಮನೆಯ ಒಳಗೇ ಹೋಗಬೇಕಾಗಿಲ್ಲ. ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇರುತ್ತದಲ್ಲ, ಅಲ್ಲಿ ಎರಡು ಶರ್ಟು ಕೊಟ್ಟು ನಿಂತುಕೊಳ್ಳಿ. ಯಾವ ಮನೆಯಲ್ಲಿ ನೀರಿಗೆ ಜಗಳ, ಯಾವ ಮನೆಗೆ ಬಾಡಿಗೆದಾರರು ಆರು ತಿಂಗಳು ನಿಲ್ಲುವುದಿಲ್ಲ, ಎದುರಿನ ಖಾಲಿ ಸೈಟಿನಲ್ಲಿ ಏನು ಬರಲಿದೆ ಎಲ್ಲ ಅವರಿಗೆ ಗೊತ್ತು. ನಾವು ಈಗಿರುವ ಮನೆಯ ವಿಷಯದಲ್ಲಿ “ಬೇಸಿಗೇಲಿ ಟ್ಯಾಂಕರ್ ವಾರಕ್ಕೆ ಮೂರು ಬರ್ತದೆ, ತಗೊಳ್ಳಿ ಪರವಾಗಿಲ್ಲ” ಅಂದದ್ದು ಇಸ್ತ್ರಿಯವರೇ. ಆ ಒಂದು ಮಾತಿನಿಂದ ಬೆಲೆಯಲ್ಲಿ ಚೌಕಾಸಿ ಮಾಡಲು ನಮಗೆ ದಾರಿಯಾಯಿತು.

ನೀರಿನ ಬಗ್ಗೆ ನಂಬಿಕೆಯ ಮೇಲೆ ಹೋಗಬೇಡಿ, ಬಿಲ್ಲಿನ ಮೇಲೆ ಹೋಗಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳು ಟ್ಯಾಂಕರಿಗೆ ಸಾಲುಗಟ್ಟಿದವು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಚಾಲೂ ಆಗಿ, ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ವ್ಯವಸ್ಥೆ ಬಂತು. ಆದರೆ ‘ಕಾವೇರಿ ಕನೆಕ್ಷನ್ ಇದೆ’ ಎಂದರೆ ಪೈಪಿದೆ ಎಂದಷ್ಟೇ ಅರ್ಥ. ಮಾರ್ಚ್, ಏಪ್ರಿಲ್, ಮೇ ತಿಂಗಳ ನೀರಿನ ಬಿಲ್ಲು ತೋರಿಸಿ ಎನ್ನಿ. ಅಪಾರ್ಟ್‌ಮೆಂಟಾದರೆ ಅಸೋಸಿಯೇಷನ್ನಿನ ಟ್ಯಾಂಕರ್ ಖರ್ಚಿನ ಲೆಕ್ಕ ಕೇಳಿ. ಬಿಡಿ ಮನೆಯಾದರೆ ಸಂಪಿನ ಮುಚ್ಚಳ ತೆಗೆಸಿ ಟಾರ್ಚು ಬಿಟ್ಟು ನೋಡಿ, ಗೋಡೆಯಲ್ಲಿ ಬೇರು ಇಳಿದಿದ್ದರೆ ಸಂಪು ಸೋರುತ್ತಿದೆ ಎಂದರ್ಥ. ಮಳೆನೀರು ಸಂಗ್ರಹದ ಪೈಪು ನಿಜವಾಗಿ ಎಲ್ಲಿಗೋ ಹೋಗುತ್ತದೆಯೇ ಅಥವಾ ತೋರಿಕೆಗೆ ನಿಂತಿದೆಯೇ ಅದನ್ನೂ ನೋಡಿಬಿಡಿ.

ಒಳಗೆ ಬಂದರೆ, ಇಡೀ ಮನೆಗೆ ಹಳೆ ಬಣ್ಣವಿದ್ದು ಒಂದೇ ಗೋಡೆಗೆ ಹೊಸದಿದ್ದರೆ ಆ ಗೋಡೆಯ ಹಿಂದೆ ಬಚ್ಚಲಿದೆಯೇ ನೋಡಿ. ಗೋಡೆಯ ಬುಡದಲ್ಲಿ ಉಪ್ಪಿನ ಹುಡಿಯಂತೆ ಬಣ್ಣ ಉದುರುತ್ತಿದ್ದರೆ ನೆಲದಿಂದ ತೇವ ಏರುತ್ತಿದೆ. ಪೇಂಟಿನಿಂದ ಅದು ವಾಸಿಯಾಗುವುದಿಲ್ಲ. ಬಚ್ಚಲಿನ ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿಯಿರಿ. ಅದು ತಾನಾಗಿ ಟ್ರ್ಯಾಪಿನ ಕಡೆ ಹರಿಯದೆ ಬಾಗಿಲ ಕಡೆ ಬಂದರೆ ಟೈಲ್ಸ್ ಕೀಳಿಸಬೇಕಾದೀತು. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು ಫ್ಲಶ್ ಮಾಡಿ ನೋಡಿ. ನಾಣ್ಯದಿಂದ ಟೈಲ್ಸ್ ತಟ್ಟಿದರೆ ಟೊಳ್ಳಿದ್ದಲ್ಲಿ ಸದ್ದು ಬೇರೆ ಬರುತ್ತದೆ. ಪ್ಲಾಸ್ಟರಿನ ಕೂದಲೆಳೆ ಬಿರುಕಿಗೆ ಗಾಬರಿ ಬೇಡ. ಕಂಬ, ತೊಲೆಯಲ್ಲಿ ಬಿರುಕಿದ್ದರೆ ಅಥವಾ ಬಾಲ್ಕನಿಯ ಕೆಳಗೆ ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಬ್ಬಿಣ ಇಣುಕುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಮರದ ಚೌಕಟ್ಟಿನ ಬುಡಕ್ಕೆ ಬೆರಳಿನಿಂದ ಒತ್ತಿ ನೋಡಿ, ಗೆದ್ದಲಿದ್ದರೆ ಒಳಗೆ ಕುಸಿಯುತ್ತದೆ. ವಾಸ್ತು ನೋಡುವವರು ಅಗತ್ಯವಾಗಿ ನೋಡಲಿ, ಆದರೆ ವಾಸ್ತು ತಜ್ಞರಿಗೆ ಕೊಡುವ ಸಮಯದ ಅರ್ಧವನ್ನಾದರೂ ಎಲೆಕ್ಟ್ರಿಷಿಯನ್ನಿಗೆ ಕೊಡಿ.

ಫ್ಯಾನು ಯಾರದು?

ಟೋಕನ್ನಿಗೆ ಬ್ಯಾಂಕ್ ಮೂಲಕವೇ ಹಣ ಕೊಟ್ಟು, ಸಾಲ ಅಥವಾ ಹಕ್ಕುಪತ್ರದಲ್ಲಿ ತೊಡಕು ಬಂದರೆ ಪೂರ್ತಿ ವಾಪಸ್ಸು ಎಂದು ಬರೆಸಿಕೊಳ್ಳಿ. ಅಗ್ರಿಮೆಂಟಿನಲ್ಲಿ ಅವಧಿ, ಕಂತು, ಮನೆ ಖಾಲಿ ಮಾಡಿ ಕೊಡುವ ದಿನ, ಆವರೆಗಿನ ಕಂದಾಯ, ಕರೆಂಟು, ನೀರು, ಮೇಂಟೆನೆನ್ಸ್ ಬಾಕಿ ಯಾರದೆಂಬುದು ಇರಲಿ. ಬಾಡಿಗೆದಾರರು ಇದ್ದರೆ ನೋಂದಣಿಗೆ ಮುಂಚೆ ಖಾಲಿಯಾಗಬೇಕು. ಮನೆಯ ಜೊತೆ ಏನೇನು ಬಿಟ್ಟುಹೋಗುತ್ತಾರೆ ಎಂಬುದನ್ನು ಎಣಿಸಿ ಬರೆಸಿ. ನಾವು ಇಷ್ಟೆಲ್ಲ ಬುದ್ಧಿವಂತರಾಗಿ ಇದೊಂದರಲ್ಲಿ ಮುಗ್ಗರಿಸಿದೆವು. ನೋಂದಣಿಯ ಮಾರನೆ ದಿನ ಬೀಗ ತೆಗೆದರೆ ಫ್ಯಾನಿದ್ದ ಜಾಗದಲ್ಲೆಲ್ಲ ಜೋಡಿ ವೈರುಗಳು ಇಳಿಬಿದ್ದಿದ್ದವು. ಗೀಸರ್ ಇಲ್ಲ, ಅಡುಗೆಮನೆಯ ಚಿಮಣಿ ಇಲ್ಲ, ಬಲ್ಬಿನ ಹೋಲ್ಡರುಗಳನ್ನು ಮಾತ್ರ ಉದಾರವಾಗಿ ಬಿಟ್ಟಿದ್ದರು.

ಮಾರುವವರ ಮೇಲೆ ಸಾಲವಿದ್ದರೆ ಬೆದರಬೇಕಿಲ್ಲ. ಅವರ ಬ್ಯಾಂಕಿನಿಂದ ಬಾಕಿ ಎಷ್ಟು, ಯಾವ ಯಾವ ಮೂಲಪತ್ರ ತಮ್ಮಲ್ಲಿದೆ ಎಂಬ ಪತ್ರ ತರಿಸಿ, ಬಾಕಿಯನ್ನು ನೇರವಾಗಿ ಆ ಸಾಲದ ಖಾತೆಗೇ ಕಟ್ಟಿ. ಮೌಲ್ಯ 50 ಲಕ್ಷ ಮತ್ತು ಮೇಲಿದ್ದರೆ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ವಿದೇಶವಾಸಿಯಾದರೆ ದರವೇ ಬೇರೆ, ಬಹಳ ಹೆಚ್ಚು. ಆಗ ಆಡಿಟರನ್ನು ಕೇಳದೆ ಒಂದು ರೂಪಾಯಿಯೂ ಕಳಿಸಬೇಡಿ.

ನೋಂದಣಿ ಈಗ ಮೊದಲಿನಷ್ಟು ದಣಿಸುವ ಕೆಲಸವಲ್ಲ. ಕಾವೇರಿ 2.0ರಲ್ಲಿ ವಿವರ ತುಂಬಿ, ಕಚೇರಿ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ಸಮಯ ಕಾದಿರಿಸಿ, ಫೋಟೊ ಮತ್ತು ಹೆಬ್ಬೆರಳಿಗೆ ಹೋದರಾಯಿತು. ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಾದರೂ ಆದೀತು. ಕ್ರಯಪತ್ರದ ಕರಡನ್ನು ಹಿಂದಿನ ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಿ. ಹೆಸರಿನ ಒಂದು ಇನಿಷಿಯಲ್ ತಪ್ಪಿದರೂ ತಿದ್ದುಪಡಿ ಪತ್ರಕ್ಕೆ ಎರಡೂ ಕಡೆಯವರು ಮತ್ತೆ ಬರಬೇಕು. ಹಣ ಪೂರ್ತಿ ಕೈಸೇರಿದವರು ಅಷ್ಟು ಸುಲಭಕ್ಕೆ ಬರುವುದಿಲ್ಲ.

ಒಕ್ಕಲು

ನೋಂದಣಿಗೂ ಒಕ್ಕಲಿಗೂ ನಡುವೆ ಹದಿನೈದು ದಿನವಾದರೂ ಬಾಡಿಗೆ ಮನೆ ಕೈಯಲ್ಲಿರಲಿ. ಎರಡು ಕಡೆ ಖರ್ಚೆನಿಸಿದರೂ ಖಾಲಿ ಮನೆಯಲ್ಲಿ ಎರಡು ದಿನದಲ್ಲಿ ಮುಗಿಯುವ ವೈರಿಂಗು, ಪೇಂಟು, ಗೆದ್ದಲಿನ ಔಷಧ ಸಾಮಾನು ತುಂಬಿದ ಮನೆಯಲ್ಲಿ ಎರಡು ವಾರ ಹಿಡಿಯುತ್ತದೆ. ಮೊದಲು ಬೀಗ ಬದಲಾಯಿಸಿ, ಹಳೆ ಕೀಲಿಯ ನಕಲು ಯಾರ ಯಾರ ಹತ್ತಿರವಿದೆಯೋ. ಟ್ಯಾಂಕು, ಸಂಪು ತೊಳೆಸಿ.

ಆಷಾಢದಲ್ಲಿ, ಧನುರ್ಮಾಸದಲ್ಲಿ ಮನೆ ಒಕ್ಕಲು ಮಾಡುವುದಿಲ್ಲ. ಮುಹೂರ್ತ ಸಿಕ್ಕಿತು, ಮನೆ ಸಿದ್ಧವಿಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಆ ದಿನ ಹಾಲುಕ್ಕಿಸಿ, ದೀಪ ಹಚ್ಚಿ, ಒಂದು ರಾತ್ರಿ ಮಲಗೆದ್ದು ಬನ್ನಿ. ಸಾಮಾನು ಆಮೇಲೆ ಬರಲಿ. ಹೋಮ ಇಟ್ಟುಕೊಂಡರೆ ಕುಂಡದ ಕೆಳಗೆ ದಪ್ಪಗೆ ಮರಳು, ಇಟ್ಟಿಗೆ ಹಾಸಿಸಿ, ಬರೀ ಟೈಲ್ಸ್ ಮೇಲೆ ಇಟ್ಟರೆ ಬಿಸಿಗೆ ಸೀಳುತ್ತದೆ. ಹೊಸ ಫಾಲ್ಸ್ ಸೀಲಿಂಗಿನ ಕೆಳಗೆ ಹೊಗೆ ಎಬ್ಬಿಸಿ ಆಮೇಲೆ ಪೇಂಟರನ್ನು ಹುಡುಕಿದವರು ನಮ್ಮ ಕಟ್ಟಡದಲ್ಲೇ ಇಬ್ಬರಿದ್ದಾರೆ. ಅಪಾರ್ಟ್‌ಮೆಂಟಿನಲ್ಲಿ ಹೊಗೆ ಸೂಚಕವಿದ್ದರೆ ಸೆಕ್ಯೂರಿಟಿಗೆ ಮೊದಲೇ ತಿಳಿಸಿ. ಹಸುವನ್ನು ಲಿಫ್ಟಿನಲ್ಲಿ ಹತ್ತಿಸುವಂತಿಲ್ಲವಾದ್ದರಿಂದ ಗೋಪೂಜೆ ಕೆಳಗೆ ಪಾರ್ಕಿಂಗಿನಲ್ಲೇ ಆಗಲಿ. ಪಾಪದ ಹಸುವಿಗೂ ಅದೇ ವಾಸಿ.

ಸಾಮಾನು ಸಾಗಿಸುವವರಲ್ಲಿ ಫೋನಿನಲ್ಲೇ ಅಗ್ಗದ ರೇಟು ಹೇಳಿ, ಲಾರಿ ತುಂಬಿದ ಮೇಲೆ “ಸಾಮಾನು ಜಾಸ್ತಿಯಾಯ್ತು” ಎಂದು ಏರಿಸುವವರು ಬಹಳ. ಮನೆಗೆ ಬಂದು ಸಾಮಾನು ನೋಡಿ ಬರೆದುಕೊಟ್ಟ ಅಂದಾಜಿಲ್ಲದೆ ಒಪ್ಪಬೇಡಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಡಬ್ಬಗಳಿಗೆ ನಂಬರು ಹಾಕಿ, ಅದು ಹೊಸ ಮನೆಯ ಯಾವ ಕೋಣೆಗೆ ಹೋಗಬೇಕೆಂದು ಬರೆಯಿರಿ, ಹಳೆ ಮನೆಯ ಕೋಣೆಯ ಹೆಸರಲ್ಲ. ಫ್ರಿಜ್ಜನ್ನು ನಿಲ್ಲಿಸಿಯೇ ಒಯ್ಯಲಿ, ಇಳಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಿ. ಇನ್ವರ್ಟರ್ ಬ್ಯಾಟರಿ ಮಲಗಿಸಬಾರದು. ಗ್ಯಾಸ್ ಸಿಲಿಂಡರು ಸಾಮಾನಿನ ಲಾರಿಯಲ್ಲಿ ಬೇಡ. ಚಿನ್ನ, ಕಾಗದ, ಮಾತ್ರೆ, ಮಕ್ಕಳ ಅಂಕಪಟ್ಟಿ ನಿಮ್ಮ ಕೈಚೀಲದಲ್ಲಿ. ಕಾಫಿ ಫಿಲ್ಟರು, ಒಂದು ಪಾತ್ರೆ, ಸೋಪು, ಚಾಪೆ, ಬಲ್ಬು, ಸ್ಕ್ರೂಡ್ರೈವರ್ ಇವಿಷ್ಟು ಕೊನೆಗೆ ಹತ್ತಿ ಮೊದಲು ಇಳಿಯುವ ಡಬ್ಬದಲ್ಲಿರಲಿ. ಹೊಸ ಮನೆಯ ಮೊದಲ ರಾತ್ರಿ ನಾವು ಫಿಲ್ಟರು ಹುಡುಕುತ್ತಾ ಹದಿನೇಳು ಡಬ್ಬ ಬಿಚ್ಚಿದೆವು. ಸಿಕ್ಕಿದ್ದು ಆಲ್ಬಮ್ಮುಗಳ ಡಬ್ಬದಲ್ಲಿ.

ನೆಲೆಯಾದ ಮೇಲೆ ಕಚೇರಿ ಕೆಲಸ ಉಳಿದಿರುತ್ತದೆ. ಖಾತೆ, ವಿದ್ಯುತ್ ಮತ್ತು ನೀರಿನ ಬಿಲ್ಲು ನಿಮ್ಮ ಹೆಸರಿಗೆ ಬರಬೇಕು. ಗೃಹಜ್ಯೋತಿ ಪಡೆಯುತ್ತಿದ್ದರೆ ಹಳೆ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಿ, ಇಲ್ಲದಿದ್ದರೆ ಮುಂದೆ ಬರುವ ಬಾಡಿಗೆದಾರರು ಪರದಾಡುತ್ತಾರೆ. ಮತದಾರರ ಪಟ್ಟಿಗೆ ನಮೂನೆ 8. ವಾಹನದ ಆರ್‌ಸಿಯಲ್ಲಿ ವಿಳಾಸ ಬದಲಾವಣೆಗೆ ಮೂವತ್ತು ದಿನದ ಗಡುವಿದೆ. ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ.

ಸಾಲ ಮಾಡಿ ಕೊಂಡವರ ಮೂಲಪತ್ರಗಳೆಲ್ಲ ಬ್ಯಾಂಕಿನಲ್ಲಿರುತ್ತವೆ. ಯಾವ ಯಾವ ಕಾಗದ ಒಪ್ಪಿಸಿದಿರೆಂಬ ಪಟ್ಟಿಗೆ ಬ್ಯಾಂಕಿನ ಸೀಲು, ಸಹಿ ಹಾಕಿಸಿಕೊಳ್ಳಿ. ಸಾಲ ತೀರಿದ ಮೂವತ್ತು ದಿನದೊಳಗೆ ಅವನ್ನು ಮರಳಿಸದಿದ್ದರೆ, ತಪ್ಪು ಬ್ಯಾಂಕಿನದಾಗಿದ್ದಲ್ಲಿ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆ ದಿನ ಬರುವುದು ಹದಿನೈದೋ ಇಪ್ಪತ್ತೋ ವರ್ಷಕ್ಕೆ. ಪಟ್ಟಿಯನ್ನು ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಇನ್ನೊಬ್ಬರಿಗೆ ಇವತ್ತೇ ಹೇಳಿಡಿ.